ಸಹಾಯ ಕೇಳಿ ಬಂದವರನ್ನು ಬೇರೆ ಕಡೆ ಕಳಿಸುವುದಾದರೆ ಹೇಗೆ ಕಳಿಸಬೇಕು?

ಭಾನುವಾರದ ಮೇಜು ಕೇಳಿದ್ದು:

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಊರಿನ ಗ್ರಂಥಾಲಯ) ಪ್ರತಿ ಭಾನುವಾರ ಬೆಳಿಗ್ಗೆ 10ರಿಂದ 1ರ ತನಕ ಸಹಾಯ ಮೇಜು ಶುರು ಮಾಡುತ್ತಿದ್ದೇವೆ. ಸ್ವಯಂಸೇವಕರು ನಾಲ್ಕು ಜನ. ಅರ್ಜಿ ಬರೆದುಕೊಡುವುದು, ಬಂದ ನೋಟಿಸು ಓದಿ ಹೇಳುವುದು, ಪಿಂಚಣಿ ನಿಂತಿದ್ದರೆ ಯಾಕೆ ನಿಂತಿತು ಅಂತ ನೋಡುವುದು, ಇಷ್ಟು ನಮ್ಮ ಕೈಲಾಗುತ್ತದೆ. ಆದರೆ ಬರುವವರು ಇಷ್ಟಕ್ಕೇ ನಿಲ್ಲುವುದಿಲ್ಲ. ಜಮೀನಿನ ತಕರಾರು, ಫೋನಿನಲ್ಲಿ ದುಡ್ಡು ಹೋಗಿದ್ದು, ಮನೆಯಲ್ಲಿ ಹೊಡೆತ, ತೋಟದ ರೋಗ, ಎಲ್ಲವೂ ಬರುತ್ತವೆ. ಅವನ್ನು ಬೇರೆ ಕಡೆ ಕಳಿಸಲೇಬೇಕು.

"ಇದು ನಮ್ಮದಲ್ಲ, ಅಲ್ಲಿ ಹೋಗಿ ಕೇಳಿ" ಅನ್ನುವ ಮಾತನ್ನು ಜನ ಈಗಾಗಲೇ ಹತ್ತು ಕಡೆ ಕೇಳಿಸಿಕೊಂಡು ಬಂದಿರುತ್ತಾರೆ. ನಮ್ಮದು ಹನ್ನೊಂದನೆಯದು ಆಗಬಾರದು. ಯಾವಾಗ ಕಳಿಸಬೇಕು, ಕೈಗೆ ಏನು ಕೊಟ್ಟು ಕಳಿಸಬೇಕು, ಆ ಕಡೆಗೆ ಮೊದಲೇ ಫೋನ್ ಮಾಡಬೇಕೇ, ಖಾಸಗಿ ವಕೀಲರ ಹೆಸರು ಹೇಳಬಹುದೇ? ಇಂಥ ಕೆಲಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

---

ಟಪಾಲು ಶಾಖೆ ಉತ್ತರ:

ಸಮಸ್ಯೆ ಕೇಳುವುದಕ್ಕೂ ಮುಂಚೆ ಒಂದು ಮಾತು ಕೇಳಿ: "ಇಲ್ಲಿಗೆ ಬರೋ ಮುಂಚೆ ಎಲ್ಲೆಲ್ಲಿ ಹೋಗಿದ್ರಿ, ಅಲ್ಲಿ ಏನಂದ್ರು?" ಈಗಾಗಲೇ ಹೋಗಿ ಬಂದ ಬಾಗಿಲಿಗೇ ಇನ್ನೊಮ್ಮೆ ಅಟ್ಟುವುದಕ್ಕಿಂತ ದೊಡ್ಡ ಅನ್ಯಾಯ ಈ ಕೆಲಸದಲ್ಲಿಲ್ಲ. ಅವರಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋಗುತ್ತದೆ. ಮತ್ತೆ ಅವರು ನಿಮ್ಮ ಮೇಜಿನ ಹತ್ತಿರ ಸುಳಿಯುವುದಿಲ್ಲ.

ಎರಡನೆಯದು, ಕೈಯಲ್ಲಿರುವ ಕಾಗದ ಓದದೆ ಯಾರನ್ನೂ ಎಲ್ಲಿಗೂ ಕಳಿಸಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದಗಳನ್ನು ಮೇಜಿನ ಮೇಲೆ ಹರಡಿ, ತಾರೀಖಿನ ಪ್ರಕಾರ ಜೋಡಿಸಿ. ಕೊನೆಯ ಕಾಗದ ಯಾವುದೋ ಅದೇ ಮುಂದಿನ ಬಾಗಿಲನ್ನು ಹೇಳುತ್ತದೆ. ಅದು ಅರ್ಜಿ ಕೊಟ್ಟ ಸ್ವೀಕೃತಿಯೋ, ಹಿಂಬರಹವೋ, ಆದೇಶದ ಪ್ರತಿಯೋ ನೋಡಿ. ಸ್ವೀಕೃತಿ ಇದ್ದರೆ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ, ವಿಚಾರಿಸಲು ಅಲ್ಲಿಗೇ ಹೋಗಬೇಕು. ಹಿಂಬರಹ ಇದ್ದರೆ ಯಾಕೆ ಆಗಲಿಲ್ಲ ಅನ್ನುವುದು ಅದರಲ್ಲೇ ಬರೆದಿರುತ್ತದೆ. ಆದೇಶ ಇದ್ದರೆ ಮುಂದಿನದು ಮೇಲ್ಮನವಿ, ಅದಕ್ಕೆ ದಿನದ ಲೆಕ್ಕ ಇರುತ್ತದೆ. ಈ ಮೂರರ ವ್ಯತ್ಯಾಸ ತಿಳಿಯದೆ "ತಾಲ್ಲೂಕು ಆಫೀಸಿಗೆ ಹೋಗಿ" ಅಂದರೆ ಅಲ್ಲಿನ ವಿಷಯ ನಿರ್ವಾಹಕರು ಅದನ್ನೇ ಇನ್ನೊಂದು ಟೇಬಲ್ಲಿಗೆ ತಿರುಗಿಸುತ್ತಾರೆ.

ಕೈಗೆ ಒಂದು ಚೀಟಿ ಕೊಡಿ. ಬಾಯಿಮಾತು ಬಸ್‌ಸ್ಟಾಪ್ ತಲುಪುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿದರೆ ಒಂದು ಚೀಟಿಗೆ ಸಾಕು. ದಪ್ಪಕ್ಷರದಲ್ಲಿ ಬರೆಯಿರಿ: ಯಾವ ಕಚೇರಿ, ಎಲ್ಲಿದೆ, ಯಾವ ಕಿಟಕಿ ಅಥವಾ ಯಾವ ಹುದ್ದೆಯವರು, ಅಲ್ಲಿ ಹೇಳಬೇಕಾದ ಒಂದೇ ವಾಕ್ಯ, ಒಯ್ಯಬೇಕಾದ ಕಾಗದ, ಯಾವುದು ಅಸಲು, ಯಾವುದು ಜೆರಾಕ್ಸ್, ಎಷ್ಟು ಪ್ರತಿ, ಮತ್ತು ವಾಪಸ್ ಬರುವಾಗ ಕೈಯಲ್ಲಿ ಏನು ಇರಬೇಕು.

ಆ "ಒಂದೇ ವಾಕ್ಯ" ಬಹಳ ಮುಖ್ಯ. ತಂದೆ ತೀರಿಕೊಂಡ ಮೇಲೆ ಪಹಣಿ ಮಕ್ಕಳ ಹೆಸರಿಗೆ ಆಗಬೇಕಿದ್ದರೆ ಜನ ನಾಡಕಚೇರಿಯಲ್ಲಿ "ಹೆಸರು ಬದಲಾವಣೆ" ಅನ್ನುತ್ತಾರೆ. ಕಿಟಕಿಯ ಆಚೆ ಇರುವವರಿಗೆ ಅದು ಪಹಣಿ ತಿದ್ದುಪಡಿ ಅಂತ ಕೇಳಿಸಬಹುದು. ಅದರ ದಾರಿಯೇ ಬೇರೆ. ಚೀಟಿಯಲ್ಲಿ "ಪೌತಿ ಖಾತೆಗೆ ಅರ್ಜಿ" ಅಂತ ಬರೆದುಕೊಟ್ಟರೆ ಗೊಂದಲ ಇಲ್ಲ. ಹಾಗೆಯೇ "ಜಮೀನು ಅಳೆಸಬೇಕು" ಅನ್ನುವ ಬದಲು ಬದುವಿನ ಜಗಳಕ್ಕೆ "ಹದ್ದುಬಸ್ತು", ಪಾಲು ಬೇರೆ ಮಾಡಿಸಲು "ಪೋಡಿ", ಒಂದು ಭಾಗವನ್ನು ಮಾರುವುದಕ್ಕೆ ಮುಂಚೆ "11ಇ ನಕ್ಷೆ". ಮೂರಕ್ಕೂ ಮೋಜಣಿದಾರರೇ (ಸರ್ವೆಯರ್) ಬರುತ್ತಾರೆ, ಅರ್ಜಿ ಮಾತ್ರ ಬೇರೆ ಬೇರೆ.

ವಾಪಸ್ ಬರುವಾಗ ಕೈಯಲ್ಲಿ ಇರಬೇಕಾದದ್ದು ಸ್ವೀಕೃತಿ. ಗೊತ್ತಾದ ದಿನದೊಳಗೆ ಸರ್ಕಾರಿ ಸೇವೆ ಕೊಡುವ "ಸಕಾಲ" ಯೋಜನೆಯಲ್ಲಿ ಬರುವ ಸೇವೆಯಾದರೆ ಅರ್ಜಿ ಸಂಖ್ಯೆ ಇರುವ ಸ್ವೀಕೃತಿ ಕೊಡಲೇಬೇಕು ಅನ್ನುವುದು 2011ರ ಕಾಯ್ದೆಯಲ್ಲೇ ಇದೆ. ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ವೆಚ್ಚವೂ ಉಂಟು. ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದರೆ "ಕಾರಣ ಬರೆದು ಹಿಂಬರಹ ಕೊಡಿ" ಅಂತ ಕೇಳಲು ಹೇಳಿಕೊಡಿ. ಬರಿಗೈಲಿ ಬಂದರೆ ಮುಂದಿನ ಹೆಜ್ಜೆ ಹೇಳಲು ನಿಮಗೂ ಏನೂ ಇರುವುದಿಲ್ಲ.

ಸರ್ಕಾರಿ ಕಚೇರಿಗೇ ಈ ಶಿಷ್ಟಾಚಾರವನ್ನು ಕಾನೂನು ಹೇಳಿಕೊಟ್ಟಿರುವ ಜಾಗ ಒಂದಿದೆ. ಮಾಹಿತಿ ಹಕ್ಕು ಅಧಿನಿಯಮ 2005ರ ಕಲಂ 6(3). ಅರ್ಜಿ ತಪ್ಪು ಕಚೇರಿಗೆ ಬಂದರೆ ಅದನ್ನು ಅರ್ಜಿದಾರನ ಕೈಗೆ ವಾಪಸ್ ಕೊಡುವ ಹಾಗಿಲ್ಲ. ಆ ಕಚೇರಿಯೇ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಿ, ಹಾಗೆ ವರ್ಗಾಯಿಸಿದ್ದೇವೆ ಅಂತ ಅರ್ಜಿದಾರನಿಗೆ ತಿಳಿಸಬೇಕು. ನಿಮ್ಮ ಮೇಜಿಗೂ ಇದೇ ಅಳತೆ ಇಟ್ಟುಕೊಳ್ಳಿ. ಕಾಗದ ನಡೆಯಬಹುದಾದ ಕಡೆ ಮನುಷ್ಯನನ್ನು ನಡೆಸಬಾರದು.

---

ಎರೆಭೂಮಿ ಉತ್ತರ:

ತೋಟ, ಹೊಲದ ವಿಷಯ ಬಂದರೆ ಮೊದಲು ಇಲಾಖೆ ಸರಿಯಾಗಿ ಹೇಳಿ. ಹೋಬಳಿಯ ರೈತ ಸಂಪರ್ಕ ಕೇಂದ್ರ ಕೃಷಿ ಇಲಾಖೆಯದು. ಭತ್ತ, ರಾಗಿ, ಜೋಳ, ತೊಗರಿ ಅಲ್ಲಿಗೆ. ಅಡಿಕೆ, ತೆಂಗು, ಮಾವು, ದಾಳಿಂಬೆ, ಟೊಮೆಟೊ ತೋಟಗಾರಿಕೆ ಇಲಾಖೆಗೆ ಸೇರಿದ್ದು, ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಗೆ ಹೋಗಬೇಕು. ಹಿಪ್ಪುನೇರಳೆ ರೇಷ್ಮೆ ಇಲಾಖೆಗೆ. ದನ ಮಲಗಿದೆ ಅಂದರೆ 1962ಕ್ಕೆ ಫೋನ್. ಅಡಿಕೆಯವರನ್ನು ರೈತ ಸಂಪರ್ಕ ಕೇಂದ್ರಕ್ಕೆ ಕಳಿಸುವ ತಪ್ಪು ತುಂಬ ಆಗುತ್ತದೆ.

ರೋಗ ಏನು ಅಂತ ಗೊತ್ತಾಗಬೇಕಿದ್ದರೆ ಕೃಷಿ ವಿಜ್ಞಾನ ಕೇಂದ್ರ. ಅಲ್ಲಿಗೆ ಬರಿಗೈಲಿ ಹೋದರೆ ತಜ್ಞರು ಅಂದಾಜಿನ ಮೇಲೆ ಔಷಧಿ ಹೇಳಬೇಕಾಗುತ್ತದೆ. ಏನು ಒಯ್ಯಬೇಕು ಅಂತ ನೀವು ಹೇಳಿ ಕಳಿಸಿದರೆ ಅರ್ಧ ಕೆಲಸ ಆದ ಹಾಗೆ. ಸಣ್ಣ ಗಿಡವಾದರೆ ಬೇರು, ಸುತ್ತಲ ಮಣ್ಣು ಸಮೇತ ಇಡೀ ಗಿಡ. ಪೂರ್ತಿ ಒಣಗಿದ್ದು ಬೇಡ, ಅದರಲ್ಲಿ ರೋಗಕಾರಕದ ಜೊತೆ ಕೊಳೆ ತಿನ್ನುವ ಬೂಷ್ಟೂ ಸೇರಿಕೊಂಡು ಗುರುತು ಸಿಗುವುದಿಲ್ಲ. ಅರ್ಧ ಹಸಿರು, ಅರ್ಧ ಬಾಡಿದ ಭಾಗ ಇರುವುದು ಬೇಕು. ಸುದ್ದಿಪತ್ರಿಕೆಯಲ್ಲಿ ಸುತ್ತಿ, ನೀರು ಚಿಮುಕಿಸಬೇಡಿ. ಪಾಲಿಥಿನ್ ಕವರಿನಲ್ಲಿ ಕಟ್ಟಿದರೆ ಬೆವರಿ ಮರುದಿನಕ್ಕೆ ಕೊಳೆತಿರುತ್ತದೆ. ಮರವಾದರೆ ಒಂದು ಸೋಗೆಯ ತುಂಡು, ಉದುರಿದ ಕಾಯಿ, ಸ್ವಲ್ಪ ಎಳೆ ಬೇರು, ಜೊತೆಗೆ ಮೂರು ಫೋಟೊ: ಇಡೀ ಮರ, ಸುಳಿ, ರೋಗದ ಜಾಗ ಹತ್ತಿರದಿಂದ. ಹಿಂದಿನ ಎರಡು ಸಲ ಯಾವ ಔಷಧಿ ಹೊಡೆದಿದ್ದಾರೋ ಆ ಬಾಟಲಿ ಅಥವಾ ಅದರ ಲೇಬಲ್ಲು ಕೂಡ.

ಮಣ್ಣು ಪರೀಕ್ಷೆಗೆ ಕಳಿಸುವುದಾದರೆ ಇನ್ನೂ ಒಂದಿಷ್ಟು ಹೇಳಬೇಕು. ಹೊಲದ ಬೆಳೆಗೆ ಅಡ್ಡಾದಿಡ್ಡಿ ನಡೆದು 10ರಿಂದ 15 ಕಡೆ, 15 ಸೆಂ.ಮೀ. ಆಳಕ್ಕೆ ಇಂಗ್ಲಿಷ್ 'ವಿ' ಆಕಾರದ ಗುಂಡಿ ತೋಡಿ, ಅದರ ಗೋಡೆಯಿಂದ ಒಂದು ಪದರ ಮಣ್ಣು ಕೆರೆದು ತೆಗೆಯಬೇಕು. ಎಲ್ಲ ಸೇರಿಸಿ, ಗುಡ್ಡೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಚೆಲ್ಲಿ, ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡುವುದು. ನೆರಳಿನಲ್ಲಿ ಆರಿಸಿ ಬಟ್ಟೆ ಚೀಲಕ್ಕೆ ಹಾಕಿ. ಗೊಬ್ಬರದ ಖಾಲಿ ಚೀಲ ಬೇಡವೇ ಬೇಡ, ಅದರಲ್ಲಿ ಉಳಿದ ಪುಡಿ ಫಲಿತಾಂಶವನ್ನೇ ಕೆಡಿಸುತ್ತದೆ. ತಿಪ್ಪೆ, ಬದು, ಮರದ ಬುಡ, ನೀರು ನಿಲ್ಲುವ ಜಾಗ ಬಿಟ್ಟು ತೆಗೆಯಿರಿ. ಚೀಟಿಯಲ್ಲಿ ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ ಬರೆಯುವಾಗ ಪೆನ್ಸಿಲ್ ಬಳಸಿ, ಶಾಯಿ ತೇವಕ್ಕೆ ಹರಡುತ್ತದೆ.

ನಿಮ್ಮದು ಭಾನುವಾರದ ಮೇಜು. ಗಿಡದ ಮಾದರಿಯನ್ನು ಅವತ್ತೇ ಕಿತ್ತು ತರಲು ಹೇಳಬೇಡಿ, ಸೋಮವಾರ ಬೆಳಿಗ್ಗೆ ಕಿತ್ತು ಅವತ್ತೇ ಒಯ್ಯಲಿ. ಅಷ್ಟು ದೂರ ಹೋಗಲಾಗದವರಿಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ, ಕನ್ನಡದಲ್ಲಿ ಮಾತಾಡುತ್ತಾರೆ. ಮೇಜಿನಲ್ಲಿ ಕೂತೇ ಮಾಡಿಸಬಹುದು. ಔಷಧಿ ಹೊಡೆಯುವಾಗ ತಲೆ ಸುತ್ತಿ ಬಿದ್ದಿದ್ದಾರೆ ಅಂತ ಯಾರಾದರೂ ಬಂದರೆ ಅದು ಕೃಷಿ ಪ್ರಶ್ನೆ ಅಲ್ಲ. 108, ಬಾಟಲಿ ಸಮೇತ ಆಸ್ಪತ್ರೆಗೆ.

---

ಪಾಸ್‌ಬುಕ್ ಉತ್ತರ:

ದುಡ್ಡಿನ ವಿಷಯದಲ್ಲಿ "ಎಲ್ಲಿಗೆ" ಅನ್ನುವಷ್ಟೇ "ಯಾವಾಗ" ಕೂಡ ಮುಖ್ಯ.

ಫೋನಿನಲ್ಲಿ ದುಡ್ಡು ಹೋಗಿದೆ ಅಂತ ಬಂದವರನ್ನು "ನಾಳೆ ಬ್ಯಾಂಕಿಗೆ ಹೋಗಿ" ಅಂತ ಕಳಿಸಿದರೆ ಕೆಟ್ಟಿತು. ಕೂತ ಜಾಗದಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಭಾನುವಾರವೂ ಕೆಲಸ ಮಾಡುತ್ತದೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದರಿಂದ ಅದನ್ನು ತಡೆಹಿಡಿಯುವ ಅವಕಾಶ ಗಂಟೆಗಂಟೆಗೂ ಕಡಿಮೆಯಾಗುತ್ತದೆ. ಫೋನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಖಾತೆ ಸಂಖ್ಯೆ, ಬ್ಯಾಂಕು, ಹೋದ ಮೊತ್ತ, ತಾರೀಖು, ಗಂಟೆ ನಿಮಿಷ, ಯುಪಿಐ ಆದರೆ 12 ಅಂಕಿಯ ವಹಿವಾಟು ಸಂಖ್ಯೆ, ಕರೆ ಮಾಡಿದವರ ನಂಬರು. ಆಮೇಲೆ ಬ್ಯಾಂಕಿನ ಸಹಾಯವಾಣಿಗೆ ಹೇಳಿ ಕಾರ್ಡು, ಯುಪಿಐ ನಿಲ್ಲಿಸಿ. ಆ ನಂಬರನ್ನು ಕಾರ್ಡಿನ ಹಿಂಭಾಗದಿಂದ ತೆಗೆದುಕೊಳ್ಳಿ, ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರುಗಳೇ ಮೇಲೆ ಬರುತ್ತವೆ. ಸೋಮವಾರ ಶಾಖೆಗೆ ಲಿಖಿತ ದೂರು. ಭಾರತೀಯ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊಣೆ ಇಲ್ಲ. ಒಟಿಪಿ ತಾವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಗಳಿಗೆಯ ನಂತರ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ತಿಳಿಸಿದ ಸಮಯಕ್ಕೆ ದಾಖಲೆ ಬೇಕು.

ಇನ್ನೊಂದು ಸಾಮಾನ್ಯ ತಪ್ಪು, ಮೊದಲ ದಿನವೇ ಒಂಬುಡ್ಸ್‌ಮನ್ (ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ಹತ್ತಿರ ಕಳಿಸುವುದು. ಬ್ಯಾಂಕಿಗೆ ಮೊದಲು ದೂರು ಕೊಟ್ಟು, ತೃಪ್ತಿಕರ ಉತ್ತರ ಬರದಿದ್ದರೆ ಅಥವಾ 30 ದಿನವಾದರೂ ಉತ್ತರವೇ ಬರದಿದ್ದರೆ ಮಾತ್ರ ಒಂಬುಡ್ಸ್‌ಮನ್. ಮುಂಚೆ ಹೋದರೆ ದೂರು ತಿರಸ್ಕಾರವಾಗುತ್ತದೆ. ಜನಕ್ಕೆ ಅದು "ಕೇಸ್ ಸೋತೆ" ಅಂತ ಅರ್ಥವಾಗಿ ಅಲ್ಲಿಗೇ ಕೈಬಿಡುತ್ತಾರೆ.

ಗ್ರಾಹಕರ ಸಹಾಯವಾಣಿ 1915ರದ್ದು ಇದಕ್ಕೆ ತಿರುವುಮುರುವು. ಅದು ಕಂಪನಿಯ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತದೆ, ಆದೇಶ ಹೊರಡಿಸುವ ಅಧಿಕಾರ ಇಲ್ಲ. ಅಲ್ಲಿ ದೂರು ಕೊಟ್ಟದ್ದನ್ನೇ ಕೇಸು ಅಂದುಕೊಂಡು ಕೂತರೆ ಗ್ರಾಹಕರ ಆಯೋಗದ 2 ವರ್ಷದ ಗಡುವು ಓಡುತ್ತಲೇ ಇರುತ್ತದೆ. 1915 ಹೇಳುವಾಗ ಗಡುವು ಮುಗಿಯುವ ತಾರೀಖನ್ನೂ ಚೀಟಿಯಲ್ಲಿ ಬರೆಯಿರಿ. ಜಿಲ್ಲಾ ಆಯೋಗದಲ್ಲಿ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ತಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಅಂಗಡಿ ಬೆಂಗಳೂರಿನಲ್ಲಿದೆ ಅಂತ ಬೆಂಗಳೂರಿಗೆ ಕಳಿಸಬೇಕಾಗಿಲ್ಲ.

ಫೋನ್ ಮಾಡುವ ಪ್ರಶ್ನೆಗೆ ನನ್ನ ಉತ್ತರ: ಮಾಡಿ, ಯಾವಾಗಲೂ ಮಾಡಿ. ಇಂತವರು ಬರುತ್ತಾರೆ ಅಂತ ಒಂದು ಮಾತು ಹೇಳಿಟ್ಟರೆ ಆ ಕಡೆ ಬಾಗಿಲು ತೆರೆದಿರುತ್ತದೆ.

---

ಜೊತೆಗಿರೋಣ ಉತ್ತರ:

ಪಾಸ್‌ಬುಕ್ ಅವರ ಉಳಿದ ಮಾತೆಲ್ಲ ಸರಿ. "ಯಾವಾಗಲೂ ಫೋನ್ ಮಾಡಿ" ಅನ್ನುವುದನ್ನು ಮಾತ್ರ ಒಪ್ಪಲಾರೆ. ಸಣ್ಣ ಊರಿನಲ್ಲಿ ಕಚೇರಿಯ ಫೋನ್ ಎತ್ತುವವರು ಬಂದವರ ನೆಂಟರೇ ಆಗಿರಬಹುದು. ಮನೆಯೊಳಗಿನ ಹಿಂಸೆ, ಅಂತರ್ಜಾತಿ ಮದುವೆ, ಸಾಲದ ಕಿರುಕುಳ, ಕಾಯಿಲೆ, ಇವುಗಳಲ್ಲಿ ಬಂದವರು "ಸರಿ, ಮಾಡಿ" ಅನ್ನದೆ ಫೋನ್ ಮುಟ್ಟಬಾರದು. ಮಾಡುವಾಗಲೂ ಅವರ ಎದುರಿಗೇ, ಏನು ಹೇಳುತ್ತೀರಿ ಅಂತ ಮೊದಲು ಹೇಳಿ, ಬೇಕಾದಷ್ಟನ್ನೇ ಹೇಳಿ.

ಹೊಡೆತ ತಿಂದು ಬಂದ ಹೆಣ್ಣುಮಗಳಿಗೆ ಟಪಾಲು ಶಾಖೆಯವರು ಹೇಳಿದ ಚೀಟಿ ಅಪಾಯ ತರಬಹುದು. ರವಿಕೆಯಲ್ಲೋ ಪರ್ಸಿನಲ್ಲೋ ಸಿಕ್ಕಿದ "ಮಹಿಳಾ ಸಹಾಯವಾಣಿ" ಅನ್ನುವ ಕಾಗದವೇ ಮುಂದಿನ ಹೊಡೆತಕ್ಕೆ ನೆಪ. 181 ಮೂರೇ ಅಂಕಿ, ಬಾಯಿಪಾಠ ಮಾಡಿಸಿ. ಉಳಿದದ್ದನ್ನು ಬರೆಯಲೇಬೇಕಿದ್ದರೆ ದಿನಸಿ ಚೀಟಿಯ ನಡುವೆ ಒಂದು ಸಾಲು. "ನಿಮಗೆ ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಫೋನ್ ಮಾಡಿದರೆ ತೊಂದರೆ ಇಲ್ಲ?" ಅಂತ ಕೇಳಿ, ಯಾವ ಹೊತ್ತೂ ಇಲ್ಲ ಅಂದರೆ ನೀವಾಗಿ ಮಾಡಲೇಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಇದ್ದಾರೆ. ನಮ್ಮಲ್ಲಿ ಆ ಕೆಲಸ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಟ್ಟಿದ್ದಾರೆ. ಅಂಗನವಾಡಿಯ ನೆಪದಲ್ಲಿ ಆ ಕಚೇರಿಗೆ ಹೋಗಿ ಬರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಿಲ್ಲೆಯಲ್ಲಿ ಸಖಿ ಕೇಂದ್ರ ಇದೆ, ಅಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರು, ಕೆಲ ದಿನದ ಆಸರೆ ಒಂದೇ ಕಡೆ. ಎಲ್ಲಿಗೆ ಹೋಗಬೇಕು, ಯಾವತ್ತು ಹೋಗಬೇಕು ಅನ್ನುವುದನ್ನು ಅವರೇ ತೀರ್ಮಾನಿಸಲಿ. ಇವತ್ತು ಎಲ್ಲಿಗೂ ಹೋಗುವುದಿಲ್ಲ ಅಂದರೆ ಅದೂ ಅವರ ತೀರ್ಮಾನವೇ. ಜೀವಕ್ಕೇ ಅಪಾಯ ಅನಿಸಿದರೆ 112.

ಪೊಲೀಸ್ ಠಾಣೆಗೆ ಕಳಿಸುವಾಗ "ನಮ್ಮ ಸರಹದ್ದಿಗೆ ಬರೋದಿಲ್ಲ" ಅನ್ನುವ ಉತ್ತರಕ್ಕೆ ಸಿದ್ಧ ಮಾಡಿ ಕಳಿಸಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲೂ ಕೊಡಬಹುದು. "ಝೀರೋ ಎಫ್‌ಐಆರ್" ಅನ್ನುವ ಎರಡು ಪದ ಹೇಳಿಕೊಡಿ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಕಳಿಸುವುದೋ ಬಿಡುವುದೋ ಅನ್ನುವ ಆಯ್ಕೆ ನಿಮಗಿಲ್ಲ. ಪೋಕ್ಸೊ ಕಾಯ್ದೆಯ ಕಲಂ 19ರಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಕಲಂ 21ರಲ್ಲಿ 6 ತಿಂಗಳ ತನಕ ಶಿಕ್ಷೆ ಇದೆ. ಆದ್ದರಿಂದ "ಯಾರಿಗೂ ಹೇಳಲ್ಲ, ಹೇಳು ಮಗು" ಅನ್ನುವ ಮಾತನ್ನು ನಿಮ್ಮ ನಾಲ್ಕೂ ಜನ ಎಂದಿಗೂ ಆಡಬಾರದು. ಪೊಲೀಸರ ಜೊತೆಗೆ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. ಮಗುವನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ, ಹೇಳಿದಷ್ಟನ್ನು ಹೇಳಿದ ಪದಗಳಲ್ಲೇ ಬರೆದಿಡಿ.

ಬದುಕೇ ಬೇಡ ಅನ್ನುವವರ ಕೈಗೆ ನಂಬರು ಕೊಟ್ಟು ಎದ್ದು ಹೋಗಲು ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಗಲೂ ರಾತ್ರಿ, ಕನ್ನಡದಲ್ಲಿ. ನೀವೇ ಒತ್ತಿ, ಆ ಕಡೆ ದನಿ ಬಂದ ಮೇಲೆ ಫೋನನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಿರಿ. ಮೇಜಿನ ಉಳಿದ ಕೆಲಸವನ್ನು ಇನ್ನೊಬ್ಬರು ನೋಡಿಕೊಳ್ಳಲಿ. ಮನೆಯಿಂದ ಒಬ್ಬರು ಬಂದು ಕರೆದುಕೊಂಡು ಹೋಗುವ ತನಕ ಒಂಟಿಯಾಗಿ ಬಿಡಬೇಡಿ. ಹಾಗೆ ಕರೆದೊಯ್ಯಲು ಬಂದವರಿಗೆ, ಮನೆಯಲ್ಲಿರುವ ಬೆಳೆ ಔಷಧಿಯನ್ನು ಅವತ್ತೇ ಬೇರೆ ಕಡೆ ಸಾಗಿಸಲು ಹೇಳಿ.

---

ಭಾನುವಾರದ ಮೇಜು:

ಎಲ್ಲರಿಗೂ ಧನ್ಯವಾದ. ಚೀಟಿಯ ವಿಷಯದಲ್ಲಿ ಎರಡು ಬಗೆ ಬೇಕು ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ಪೌತಿ ಖಾತೆಗೆ ಅಣ್ಣ ತಕರಾರು ಹಾಕಿದ್ದಾನೆ, ತಹಶೀಲ್ದಾರರಿಂದ ಆದೇಶ ಬಂದಿದೆ, ಅದರಲ್ಲಿ "ಹಕ್ಕಿನ ಬಗ್ಗೆ ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳತಕ್ಕದ್ದು" ಅಂತಿದೆ. ಇಂಥವರಿಗೆ ವಕೀಲರೇ ಬೇಕಲ್ಲವೇ? ಹೆಸರು ಹೇಳದೆ ಹೇಗೆ?

---

ಟಪಾಲು ಶಾಖೆ:

ವಕೀಲರು ಬೇಕು. ಆದರೆ ಅದಕ್ಕೂ ಮುಂಚೆ ಆದೇಶದ ತಾರೀಖು, ಅದು ಕೈಗೆ ಸಿಕ್ಕಿದ ತಾರೀಖು ಎರಡನ್ನೂ ನೋಡಿ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ ಕಲಂ 136(2)ರಲ್ಲಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಇದೆ, ಆದೇಶ ತಿಳಿದ 60 ದಿನದೊಳಗೆ. ಖಾತೆ ಯಾರ ಹೆಸರಿಗೆ ಏರಬೇಕು ಅನ್ನುವುದು ಅಲ್ಲಿಯ ಮಾತು, ಜಮೀನು ಯಾರದು ಅನ್ನುವುದು ಸಿವಿಲ್ ಕೋರ್ಟಿನ ಮಾತು. ಎರಡು ಬೇರೆ ಬೇರೆ ಬಾಗಿಲು. "ಕೋರ್ಟಿಗೆ ಹೋಗಿ" ಅಂತಷ್ಟೇ ಹೇಳಿ ಕಳಿಸಿದರೆ ವಕೀಲರನ್ನು ಹುಡುಕುವಷ್ಟರಲ್ಲಿ 60 ದಿನ ಮುಗಿದಿರುತ್ತದೆ. ಯಾವ ಬಾಗಿಲು ತಟ್ಟಬೇಕು ಅಂತ ತೀರ್ಮಾನಿಸುವುದು ನಿಮ್ಮ ಕೆಲಸ ಅಲ್ಲ. "ಗಡುವು ಇಂಥ ತಾರೀಖಿಗೆ ಮುಗಿಯುತ್ತೆ, ಅಷ್ಟರೊಳಗೆ ಕಾನೂನು ಬಲ್ಲವರಿಗೆ ಈ ಕಾಗದ ತೋರಿಸಿ" ಅನ್ನುವುದು ನಿಮ್ಮ ಕೆಲಸ. ಆದೇಶದ ದೃಢೀಕೃತ ಪ್ರತಿಗೆ ಸೋಮವಾರವೇ ಅರ್ಜಿ ಹಾಕಿಸಿ.

ಹೆಸರು ಹೇಳುವ ಬದಲು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿ. ಸಹಾಯವಾಣಿ 15100. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಕಲಂ 12ರಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ. "ನಾವು ಬಡವರಲ್ಲ" ಅಂತ ಹೆಂಗಸರು ಹಿಂಜರಿದರೆ ಇದನ್ನು ಬಿಡಿಸಿ ಹೇಳಿ.

ವಯಸ್ಸಾದವರು "ಮಕ್ಕಳು ನೋಡಿಕೊಳ್ಳುತ್ತಿಲ್ಲ" ಅಂತ ಬಂದರೆ ಮಾತ್ರ ನೇರ ಉಪವಿಭಾಗಾಧಿಕಾರಿ ಹತ್ತಿರ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶದ ನ್ಯಾಯಮಂಡಳಿ ಅವರೇ. ಅಷ್ಟು ದೂರ ಹೋಗುವ ಮುಂಚೆ ಯಾರಾದರೂ ಮಾತಾಡಲಿ ಅನ್ನುವವರಿಗೆ ಎಲ್ಡರ್‌ಲೈನ್ 14567.

---

ಪಾಸ್‌ಬುಕ್:

ಜೊತೆಗಿರೋಣ ಅವರ ತಿದ್ದುಪಡಿ ಸರಿ, ಒಪ್ಪಿದೆ. ಖಾಸಗಿ ಹೆಸರುಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ವೈದ್ಯರಿಗಂತೂ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದೂ ತೆಗೆದುಕೊಳ್ಳುವುದೂ 2002ರ ವೈದ್ಯಕೀಯ ನೀತಿ ನಿಯಮಾವಳಿಯಲ್ಲಿ ನಿಷಿದ್ಧ. ನಿಮ್ಮ ಮೇಜಿಗೂ ಅದೇ ಕಟ್ಟು ಇರಲಿ. ಯಾವ ಲ್ಯಾಬು, ಯಾವ ವಕೀಲರು, ಯಾವ ಟೈಪಿಂಗ್ ಅಂಗಡಿಯಿಂದಲೂ ಒಂದು ಕ್ಯಾಲೆಂಡರು ಕೂಡ ತೆಗೆದುಕೊಳ್ಳಬೇಡಿ. ಖಾಸಗಿ ಹೆಸರು ಹೇಳಲೇಬೇಕಾದ ಕಡೆ ಒಂದಕ್ಕಿಂತ ಹೆಚ್ಚು ಹೇಳಿ, ಫೀಸು ಮೊದಲೇ ಕೇಳಿಕೊಳ್ಳಲು ಹೇಳಿ. ಸ್ವಯಂಸೇವಕರ ನೆಂಟರಿದ್ದರೆ ನೆಂಟರು ಅಂತ ಬಾಯಿಬಿಟ್ಟು ಹೇಳಿ.

ಸರ್ಕಾರಿ ಕಡೆಗೆ ಕಳಿಸುವಾಗ ಮಾತ್ರ ಇದಕ್ಕೆ ವಿರುದ್ಧ: ಒಂದೇ ಬಾಗಿಲು ಹೇಳಿ. "ಅಲ್ಲೂ ಕೇಳಿ ನೋಡಿ, ಇಲ್ಲೂ ಕೇಳಿ ನೋಡಿ" ಅಂತ ಐದು ಹೆಸರು ಕೊಟ್ಟರೆ ಜನ ಮನೆಗೆ ಹತ್ತಿರದ್ದಕ್ಕೆ ಹೋಗುತ್ತಾರೆ, ಸರಿಯಾದದ್ದಕ್ಕಲ್ಲ.

---

ಮೂರನೇ ಕಿಟಕಿ ಉತ್ತರ:

ನಂಬರು, ವಿಳಾಸದ ಪಟ್ಟಿಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು ಇಲ್ಲಿ ಬರಲಿಲ್ಲ, ಎಲ್ಲ ಕೆಡುವುದು ಅಲ್ಲೇ. ಅಧಿಕಾರಿಯ ಹೆಸರಿನಲ್ಲಿ ಬರೆಯಬೇಡಿ, ಹುದ್ದೆಯ ಹೆಸರಿನಲ್ಲಿ ಬರೆಯಿರಿ. ವರ್ಗಾವಣೆಯ ಕಾಲ ಕಳೆದರೆ ಹೆಸರುಗಳೆಲ್ಲ ಸುಳ್ಳಾಗುತ್ತವೆ. ಪ್ರತಿ ನಂಬರಿನ ಎದುರು "ಕೊನೆಗೆ ಮಾಡಿ ನೋಡಿದ್ದು" ಅಂತ ತಾರೀಖು ಇರಲಿ. ಮೂರು ತಿಂಗಳಿಗೊಮ್ಮೆ ಒಬ್ಬರು ಕೂತು ಎಲ್ಲಕ್ಕೂ ಫೋನ್ ಹಚ್ಚಿ, ಎತ್ತದ್ದನ್ನು ಹೊಡೆದುಹಾಕಿ. ಮಾಡಿ ನೋಡದ ನಂಬರನ್ನು ಯಾರಿಗೂ ಕೊಡಬೇಡಿ. ಗೊತ್ತಿಲ್ಲದಿದ್ದರೆ "ನನಗೆ ಗೊತ್ತಿಲ್ಲ, ಮುಂದಿನ ಭಾನುವಾರದೊಳಗೆ ಕೇಳಿ ಹೇಳ್ತೀನಿ" ಅನ್ನಿ. ಅಂದಾಜಿನ ವಿಳಾಸಕ್ಕಿಂತ ಒಂದು ವಾರದ ತಡ ವಾಸಿ, ಗಡುವು ಇರುವ ವಿಷಯ ಬಿಟ್ಟು.

ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೂ ರಜೆ, ಬ್ಯಾಂಕಿಗೂ ರಜೆ. ಮೇಜಿನ ಮೇಲೆ ಕ್ಯಾಲೆಂಡರು ಇಟ್ಟುಕೊಂಡು, ಸ್ಥಳೀಯ ಹಬ್ಬ, ಜಾತ್ರೆಯ ರಜೆಯನ್ನೂ ನೋಡಿ ದಿನ ಹೇಳಿ.

ಕಳಿಸಿದವರು ಏನಾದರು ಅಂತ ತಿಳಿಯಲು ಒಂದು ನೋಟ್‌ಬುಕ್ ಸಾಕು: ಕ್ರಮ ಸಂಖ್ಯೆ, ತಾರೀಖು, ಎಲ್ಲಿಗೆ ಕಳಿಸಿದ್ದು, ವಾಪಸ್ ಬಂದರೇ, ಏನು ತಂದರು. ಹೆಸರು, ಸಮಸ್ಯೆ ಬರೆಯಬೇಡಿ, ಅರಿವು ಕೇಂದ್ರದ ಪುಸ್ತಕ ಯಾರ ಕೈಗೆ ಬೇಕಾದರೂ ಹೋಗುತ್ತದೆ. ಚೀಟಿಯ ಮೂಲೆಯಲ್ಲಿ ಅದೇ ಕ್ರಮ ಸಂಖ್ಯೆ ಇದ್ದರೆ ಗುರುತಿಗೆ ಅಷ್ಟು ಸಾಲದೇ? ಜೊತೆಗಿರೋಣ ಅವರು ಹೇಳಿದ ಬಗೆಯವರಿಗೆ ಸಂಖ್ಯೆಯೂ ಬೇಡ, ಪುಸ್ತಕದಲ್ಲಿ ಸಾಲೂ ಬೇಡ. ಒಂದೇ ಬಾಗಿಲಿನಿಂದ ಮೂರು ಜನ ಬರಿಗೈಲಿ ಬಂದರೆ ನಾಲ್ಕನೆಯವರನ್ನು ಅಲ್ಲಿಗೆ ಕಳಿಸುವ ಮುಂಚೆ ನಿಮ್ಮಲ್ಲೊಬ್ಬರು ಸೋಮವಾರ ಖುದ್ದಾಗಿ ಹೋಗಿ ಯಾವ ಕಾಗದ ಕಡಿಮೆಯಾಯಿತು ಅಂತ ಕೇಳಿ ಬನ್ನಿ. ಬಹಳ ಸಲ ಅದು ಚೀಟಿಯಲ್ಲಿ ಬಿಟ್ಟುಹೋದ ಒಂದು ಜೆರಾಕ್ಸ್ ಆಗಿರುತ್ತದೆ.